ಹಳೆಯ ಜಾಗ್ವಾರ್ ಇ-ಟೈಪ್ ಕೈಗೆ ಸಿಕ್ಕರೆ ಹಾಗೇ ಇಡಬೇಕೋ, ಮಾರ್ಪಡಿಸಬೇಕೋ?

ಇಂಗ್ಲೆಂಡಿನ ಕೊವೆಂಟ್ರಿಯ ಹತ್ತಿರ ಹಳೆಯ ಜಾಗ್ವಾರ್‌ಗಳನ್ನು ರಿಪೇರಿ ಮಾಡುವ ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ಊರಿಗೆ ಹೋದಾಗ ನೆಂಟರು, ಇಲ್ಲಿರುವ ಕನ್ನಡದ ಗೆಳೆಯರು, ಕಾರಿನ ಹುಚ್ಚು ಹತ್ತಿದ ಹುಡುಗರು ಎಲ್ಲರೂ ಕೇಳುವುದು ಒಂದೇ: ‘ಇ-ಟೈಪ್‌ನಂಥ ಕಾರು ಸಿಕ್ಕರೆ ಇದ್ದ ಹಾಗೇ ಇಟ್ಟುಕೊಳ್ಳಬೇಕಾ, ಇಲ್ಲಾ ಈ ಕಾಲಕ್ಕೆ ತಕ್ಕ ಹಾಗೆ ಮಾರ್ಪಡಿಸಬೇಕಾ?’

ನಾನು ಹೇಳುವುದು ಇಷ್ಟು: ನೆಮ್ಮದಿಯಾಗಿ ಓಡಿಸಲು ಬೇಕಾದ್ದನ್ನು ಧಾರಾಳವಾಗಿ ಬದಲಾಯಿಸಿ. ಆದರೆ ಕಾರಿನ ಬಾಡಿಯನ್ನು ಗರಗಸದಿಂದ ಕತ್ತರಿಸಬೇಡಿ, ಹಳೆಯ ಬಣ್ಣವನ್ನು ಕಾರಣವಿಲ್ಲದೆ ಕೆರೆಯಬೇಡಿ. ಮೊದಲಿನ ಮಾತಿಗೆ ತಲೆಯಾಡಿಸುವವರು ಕೊನೆಯದನ್ನು ಒಪ್ಪುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಅದೇ.

1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಜಾಗ್ವಾರ್‌ನ ಸ್ಪೋರ್ಟ್ಸ್ ಕಾರು ಇ-ಟೈಪ್ ಜನರ ಮುಂದೆ ಬಂದಾಗ ಅದರ 3.8 ಲೀಟರ್ ಎಂಜಿನ್ 265 ಅಶ್ವಶಕ್ತಿ ಕೊಡುತ್ತದೆ, ಕಾರು ಗಂಟೆಗೆ 150 ಮೈಲಿ ಓಡುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ವಿಮಾನ ಕಂಪನಿಯಲ್ಲಿ ಪಳಗಿ ಬಂದಿದ್ದ ಮಾಲ್ಕಮ್ ಸೇಯರ್ ರೂಪಿಸಿದ ಆ ಮೈಕಟ್ಟನ್ನು ನೋಡಿ ಇಂದಿಗೂ ದಾರಿಹೋಕರು ನಿಲ್ಲುತ್ತಾರೆ. ಆದರೆ ಆ ಮೊದಲ ಕಾರುಗಳ ತೊಂದರೆಗಳೂ ಅಷ್ಟೇ ನಿಜ. ಗೇರ್‌ಬಾಕ್ಸ್‌ನಲ್ಲಿ ಫಸ್ಟ್ ಗೇರಿಗೆ ಸಿಂಕ್ರೋ, ಅಂದರೆ ಗೇರ್ ಕಿರುಗುಟ್ಟದೆ ಬೀಳುವಂತೆ ಮಾಡುವ ವ್ಯವಸ್ಥೆ, ಇಲ್ಲ. ಬ್ರೇಕ್ ತುಳಿತಕ್ಕೆ ಬಲ ಕೊಡುವ ಬೂಸ್ಟರ್ ಸಾಲದು. ರೇಡಿಯೇಟರ್‌ನ ಹಿಂದೆ ಒಂದೇ ಒಂದು ಪುಟ್ಟ ಎಲೆಕ್ಟ್ರಿಕ್ ಫ್ಯಾನ್. ಬೇಸಿಗೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುವುದನ್ನು ಉಸಿರು ಬಿಗಿಹಿಡಿದು ನೋಡುತ್ತಾ ಕೂರಬೇಕು. 1964ರಲ್ಲಿ 4.2 ಲೀಟರ್ ಎಂಜಿನ್ ಬಂದಾಗ ಕಂಪನಿಯೇ ಎಲ್ಲ ಗೇರಿಗೂ ಸಿಂಕ್ರೋ ಕೊಟ್ಟಿತು, ಬ್ರೇಕ್ ಬೂಸ್ಟರ್ ಬದಲಾಯಿಸಿತು, ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿತು. ಮಾಡಿದವರೇ ಮೂರು ವರ್ಷದಲ್ಲಿ ತಿದ್ದಿಕೊಂಡಿದ್ದನ್ನು ಮಾಲೀಕ ತಿದ್ದಿಕೊಂಡರೆ ಅಪಚಾರ ಹೇಗಾಗುತ್ತದೆ?

ಹಾಗಾಗಿ ದೊಡ್ಡ ಫ್ಯಾನ್, ಅಲ್ಯೂಮಿನಿಯಂ ರೇಡಿಯೇಟರ್, ಎಲೆಕ್ಟ್ರಾನಿಕ್ ಇಗ್ನಿಷನ್, ರೇಡಿಯಲ್ ಟೈರ್ ಹಾಕಲು ಎರಡು ಬಾರಿ ಯೋಚಿಸಬೇಕಿಲ್ಲ. ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ಆದ್ದರಿಂದ ಪೆಟ್ರೋಲ್ ಹೋಸ್‌ಗಳನ್ನು ಬದಲಾಯಿಸಲೇಬೇಕು. ಬಿಸಿ ಎಂಜಿನ್ ಪಕ್ಕದಲ್ಲಿ ಹೋಸ್ ಬಿರಿದರೆ ಕಾರೇ ಉಳಿಯುವುದಿಲ್ಲ. ಸೀಟ್ ಬೆಲ್ಟ್‌ಗೋಸ್ಕರ ತೂತು ಕೊರೆಯಬೇಕಾಗಿ ಬಂದರೂ ನಾನು ಕೊರೆಯುತ್ತೇನೆ. ಮನುಷ್ಯನ ಜೀವಕ್ಕಿಂತ ತಗಡು ದೊಡ್ಡದಲ್ಲ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ ಡಬ್ಬದಲ್ಲಿಡಿ, ಏನನ್ನು ಯಾವಾಗ ಬದಲಾಯಿಸಿದಿರಿ ಎಂದು ಬರೆದಿಡಿ. ಕಾರು ಮಾರುವಾಗ ಆ ಡಬ್ಬವೂ ಜೊತೆಗೆ ಹೋಗಬೇಕು.

ಇನ್ನು ಬಣ್ಣದ ವಿಷಯ. ‘ಮಾರ್ಪಾಡು ಬೇಡ, ಕಾರನ್ನು ಹೊಸದರಂತೆ ಮಾಡಿಕೊಡಿ’ ಎಂದು ಬರುವವರೇ ಹೆಚ್ಚು. ಕಾರನ್ನು ಪೂರ್ತಿ ಬಿಚ್ಚಿ, ಬರಿ ತಗಡು ಕಾಣುವವರೆಗೆ ಕೆರೆದು, ಕನ್ನಡಿಯಂತೆ ಹೊಳೆಸುವುದು ಅವರ ಪ್ರಕಾರ ಸಂರಕ್ಷಣೆ. ನನ್ನ ಕಣ್ಣಿಗೆ ಅದು ಎಲ್ಲಕ್ಕಿಂತ ದೊಡ್ಡ ಮಾರ್ಪಾಡು. ಇ-ಟೈಪ್‌ನ ಬಾಡಿಯಲ್ಲಿ ತಗಡುಗಳು ಸೇರುವ ಕಡೆ ಸೀಸ ಕರಗಿಸಿ ತುಂಬಿ, ಕೈಯಲ್ಲಿ ಅರ ಹಿಡಿದು ಉಜ್ಜಿ ಸಮ ಮಾಡುತ್ತಿದ್ದರು. ಹಳೆಯ ಬಣ್ಣ ಎದ್ದ ಜಾಗದಲ್ಲಿ ಆ ಅರದ ಗೆರೆಗಳು ಕಾಣಿಸುತ್ತವೆ: ಒಂದೇ ದಿಕ್ಕಿಗೆ ಓರೆಯಾಗಿ ಸಾಗಿ, ಬಾಗಿಲಿನ ಹತ್ತಿರ ಕೈ ತಿರುಗಿಸಿದ ಕಡೆ ಸಣ್ಣದಾಗಿ ಬಳುಕಿದ ಗೆರೆಗಳು. ಜಾಗ್ವಾರ್‌ನ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡಿದ ಯಾರೋ ಒಬ್ಬರ ಕೈ ಅದು. ಸೀಸ ಕಿತ್ತು ಹೊಸ ಫಿಲ್ಲರ್ ಮೆತ್ತಿದರೆ ಮೇಲ್ಮೈ ಮೊದಲಿಗಿಂತ ನುಣುಪಾಗುತ್ತದೆ, ಆ ಕೈ ಮಾತ್ರ ಮತ್ತೆ ಸಿಗುವುದಿಲ್ಲ. ಫ್ಯಾನನ್ನು ಮರಳಿ ಕೂರಿಸಬಹುದು, ಇದನ್ನು ಕೂರಿಸಲಾಗದು. ತುಕ್ಕು ಬೇರೆ ಮಾತು. ಮುಂದಿನ ಫ್ರೇಮಿನ ಟ್ಯೂಬ್‌ಗಳು ಒಳಗಿನಿಂದಲೇ ಕೊರೆದುಹೋಗುತ್ತವೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಎಂಜಿನ್‌ನ ಭಾರ ಹೊರುವುದು ಅವೇ, ಹಾಗಾಗಿ ಅಲ್ಲಿ ‘ಒರಿಜಿನಲ್’ ಎಂಬ ಮೋಹ ಕೂಡದು.

2024ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನ ಹಳೆಯ ಕಾರುಗಳ ಸ್ಪರ್ಧೆಯಲ್ಲಿ 1934ರ ಬುಗಾಟಿ ಟೈಪ್ 59 ಮೊದಲ ಬಹುಮಾನ ಗೆದ್ದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊಸದಾಗಿ ಹೊಳೆಸದೆ, ಉಳಿದ ಸ್ಥಿತಿಯಲ್ಲೇ ಕಾಪಾಡಿದ ಕಾರಿಗೆ ಅಲ್ಲಿ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಸ್ವಾರಸ್ಯವೆಂದರೆ ಅದು ಮಾರ್ಪಡಿಸಿದ ಕಾರು. ರೇಸ್ ಕಾರಾಗಿ ಹುಟ್ಟಿದ್ದನ್ನು ಬುಗಾಟಿಯವರೇ ಸ್ಪೋರ್ಟ್ಸ್ ಕಾರಾಗಿ ಬದಲಾಯಿಸಿದ್ದರು. ಆಮೇಲೆ ಕೊಂಡ ಬೆಲ್ಜಿಯಂ ದೊರೆ 3ನೇ ಲಿಯೊಪೋಲ್ಡ್ ಅದಕ್ಕೆ ಕಪ್ಪು ಬಣ್ಣ, ಹಳದಿ ಪಟ್ಟಿ ಹಾಕಿಸಿದ್ದ. ಅದನ್ನೆಲ್ಲ ಅಳಿಸಿ ಮೂಲಕ್ಕೆ ಒಯ್ಯಲು ಯಾರೂ ಹೋಗದಿದ್ದುದೇ ಆ ಕಾರಿನ ಪುಣ್ಯ.

ಭಾರತದಲ್ಲಿರುವವರು ಕಾನೂನನ್ನೂ ನೋಡಿಕೊಳ್ಳಬೇಕು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು. ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ ಕಾರಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ, ಅಲ್ಲಿಯೂ ಇಂಥದೇ ಷರತ್ತು.

‘ಹಿಂದಿನ ಮಾಲೀಕರು ಆಗಲೇ ಬೇರೆ ಎಂಜಿನ್ ಕೂರಿಸಿಬಿಟ್ಟಿದ್ದರೆ?’ ಎಂದೂ ಕೇಳುತ್ತಾರೆ. ಮೊದಲು ಎಂಜಿನ್ ನಂಬರ್ ಹುಡುಕಿ. ಎಂಜಿನ್‌ನ ಮುಖ್ಯ ಒಡಲಾದ ಬ್ಲಾಕ್‌ನಲ್ಲಿ ಆಯಿಲ್ ಫಿಲ್ಟರ್‌ನ ಮೇಲ್ಗಡೆ ಒಂದು ಕಡೆ, ಅದರ ಮೇಲೆ ಕೂರುವ ಸಿಲಿಂಡರ್ ಹೆಡ್‌ನ ಮುಂಭಾಗದಲ್ಲಿ ಇನ್ನೊಂದು ಕಡೆ ಅದನ್ನು ಕೆತ್ತಿರುತ್ತಾರೆ. ಕಾರಿನ ಫಲಕದಲ್ಲಿರುವ ನಂಬರಿಗೆ ಎರಡೂ ತಾಳೆಯಾದರೆ ಹುಟ್ಟಿನ ಎಂಜಿನ್ ಜೊತೆಗೇ ಇದೆ, ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಬ್ಲಾಕ್‌ನ ನಂಬರ್ ತಾಳೆಯಾಗಿ ಹೆಡ್‌ನದು ಆಗದಿದ್ದರೆ ಯಾವಾಗಲೋ ಹೆಡ್ ಬದಲಾಗಿದೆ. ಅದರಿಂದ ಬೆಲೆ ಇಳಿಯುತ್ತದೆ, ಕಾರು ಕೆಡುವುದಿಲ್ಲ. ಎರಡೂ ತಾಳೆಯಾಗದಿದ್ದರೆ ಚೌಕಾಸಿ ಮಾಡಿ ಕೊಳ್ಳಿ, ಮೇಲೆ ಹೇಳಿದ ಸುಧಾರಣೆಗಳನ್ನೆಲ್ಲ ಹಾಕಿಸಿ, ಮಳೆ ಇಲ್ಲದ ದಿನಗಳಲ್ಲಿ ಮನಸ್ಸು ತಣಿಯುವಷ್ಟು ಓಡಿಸಿ.