ಗೋಲಾ ಮಿಷನ್, ಪಿವಿಸಿ ಪೈಪು ಮತ್ತು ಗ್ರೀನ್‌ಲ್ಯಾಂಡಿನ ಒಂದು ಗೆರೆ

ಹಾಸನದ ಸುತ್ತ ಕೋಲ್ಡ್ ಸ್ಟೋರೇಜಿಗೆ ಬರವಿಲ್ಲ. ಆದರೆ ಅವು ಬಿತ್ತನೆ ಆಲೂಗಡ್ಡೆ ಇಡಲಿಕ್ಕೆ ಕಟ್ಟಿದವು, 2ರಿಂದ 4 ಡಿಗ್ರಿ. ಕಾಲೇಜಿನಲ್ಲಿ ಐಸ್ ಕೋರ್ (ಹಿಮರಾಶಿಯನ್ನು ಕೊರೆದು ತೆಗೆದ ಉದ್ದನೆಯ ಐಸ್ ಕಂಬ, ಅದರ ಪದರಗಳಲ್ಲಿ ಹಳೇ ಹವಾಮಾನ ಓದುತ್ತಾರೆ) ಬಗ್ಗೆ ಒಂದು ದಿನದ ತರಬೇತಿ ಇಟ್ಟುಕೊಳ್ಳುವವರಿಗೆ ಅದರಿಂದ ಉಪಯೋಗವಿಲ್ಲ. ಐಸ್‌ಕ್ರೀಂ ಅಂಗಡಿಗಳಲ್ಲಿ ಇರುವಂಥ, ಮೇಲಿನಿಂದ ಮುಚ್ಚಳ ತೆಗೆಯುವ ಡೀಪ್ ಫ್ರೀಜರ್ ಬಾಡಿಗೆಗೆ ತನ್ನಿ. ಮೈನಸ್ 18 ಸಿಕ್ಕರೆ ಸಾಕು. ಮನೆಯ ಫ್ರಾಸ್ಟ್-ಫ್ರೀ ಫ್ರಿಜ್ ಬೇಡವೇ ಬೇಡ. ಅದು ಮಂಜು ಕಟ್ಟದಿರಲಿ ಎಂದು ಆಗಾಗ ತನ್ನನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ, ನೀವು ಮಾಡಿದ ಪದರವೆಲ್ಲ ಹಾಳು.

ಇಂಥ ತರಬೇತಿಗಳಲ್ಲಿ ಸಾಮಾನ್ಯವಾಗಿ ಗ್ರೀನ್‌ಲ್ಯಾಂಡಿನ ಕೋರಿನಿಂದ ಬಂದ ಹವಾಮಾನದ ಗ್ರಾಫ್ ತೋರಿಸಿ, ಗೆರೆ ಗೋಡೆಯ ಹಾಗೆ ಮೇಲೇರಿದ ಕಡೆ ಬೆರಳಿಟ್ಟು 'ಇದೇ ಹಠಾತ್ ಹವಾಮಾನ ಬದಲಾವಣೆ' ಎಂದು ಮುಂದಕ್ಕೆ ಹೋಗಿಬಿಡುತ್ತಾರೆ. ಎಷ್ಟು ಹಠಾತ್ ಎಂದು ಯಾರೂ ಕೇಳುವುದಿಲ್ಲ. ಕೋರನ್ನು ಎಷ್ಟು ತೆಳ್ಳಗೆ ಕೊಯ್ದಿದ್ದಾರೆ ಎಂದು ತಿಳಿಯದೆ ಆ ಪ್ರಶ್ನೆಗೆ ಉತ್ತರವೂ ಇಲ್ಲ.

ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ತೋಟದ ಮಳೆ ಪುಸ್ತಕದಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿರುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬೇಸಿಗೆಯಲ್ಲಿ ಒಂದು ಇಂಚು ಹೂಮಳೆ ಸರಿಯಾದ ಹೊತ್ತಿಗೆ ಬಿದ್ದರೆ ಆ ವರ್ಷದ ಫಸಲು ನಿಂತಿತು. ಅದೇ ಪುಸ್ತಕದ ವರ್ಷದ ಮೊತ್ತವನ್ನು ಮಾತ್ರ ನೋಡಿದರೆ ಆ ಒಂದು ಇಂಚು ಮುಂಗಾರಿನ ರಾಶಿಯಲ್ಲಿ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ತರಬೇತಿಗೆ ಇಂಥ ಹಳೇ ಪುಸ್ತಕದ ನಾಲ್ಕು ಪುಟಗಳ ಜೆರಾಕ್ಸ್ ಸಿಕ್ಕರೆ ಬೆಳಗಿನ ಅರ್ಧ ಗಂಟೆ ಅದಕ್ಕೇ ಕೊಡಿ. ದಿನದ, ತಿಂಗಳ, ವರ್ಷದ ಲೆಕ್ಕದಲ್ಲಿ ಮೂರು ಗ್ರಾಫ್ ಬರೆಸಿ.

ಈಗ ಕೋರ್. ಪೈಪಿಗೆ ನೀರು ಸುರಿದು ಪದರ ಪದರವಾಗಿ ಹೆಪ್ಪುಗಟ್ಟಿಸುವ ಉಪಾಯ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು ಕೈಕೊಡುತ್ತದೆ. ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ತಳ್ಳುತ್ತದೆ, ಕೊನೆಗೆ ಗಟ್ಟಿಯಾಗುವ ಜಾಗದಲ್ಲಿ ಅದು ಸೇರಿಕೊಳ್ಳುತ್ತದೆ. ಐಸ್ ಕ್ಯಾಂಡಿಯ ಬಣ್ಣ, ಸಿಹಿ ಎಲ್ಲ ನಡುವಿಗೆ ಸೇರಿ ಹೊರಗೆ ಸಪ್ಪೆ ಐಸ್ ಉಳಿಯುವುದೂ ಇದರಿಂದಲೇ. ಗ್ರೀನ್‌ಲ್ಯಾಂಡಿನಂಥ ಕಡೆ ಹಿಮಗಡ್ಡೆ ಆಗುವುದು ನೀರಿನಿಂದಲ್ಲ, ಬಿದ್ದ ಹಿಮ ಒತ್ತಿಕೊಂಡು. ಹಾಗಾಗಿ ಐಸ್ ತುರಿಯುವ ಗೋಲಾ ಮಿಷನ್ನೇ ಸರಿ.

ಆರ್‌ಒ ನೀರಿನಲ್ಲಿ ಒಂದಿಷ್ಟು ಐಸ್ ಮಾಡಿ. ಇನ್ನೊಂದಿಷ್ಟನ್ನು ಅದೇ ನೀರಿಗೆ ಲೀಟರಿಗೆ 0.3 ಗ್ರಾಂ ಅಡುಗೆ ಉಪ್ಪು ಹಾಕಿ ಮಾಡಿ. ಬೋರ್‌ವೆಲ್ ನೀರು ಬಳಸಬೇಡಿ, ಅದರ ಟಿಡಿಎಸ್ಸೇ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ಲೆಕ್ಕ ಕೆಡಿಸುತ್ತದೆ. ಮೊದಲು ಸಪ್ಪೆ ಐಸ್ ತುರಿದು ಮುಗಿಸಿ, ಆಮೇಲೆ ಉಪ್ಪಿನದು. ತಿರುಗಾಮುರುಗಾ ಮಾಡಿದರೆ ಬ್ಲೇಡಿನ ಉಪ್ಪು ಸಪ್ಪೆಗೆ ಹತ್ತುತ್ತದೆ. ಉಪ್ಪಿನ ಗಡ್ಡೆಯನ್ನು ಪೂರ್ತಿ ತುರಿದು, ಕಲಸಿ, ಆಮೇಲೆ ತುಂಬಬೇಕು. ಅರ್ಧ ಗಡ್ಡೆ ತುರಿದು ಸಾಕೆಂದು ಬಿಟ್ಟರೆ ನಡುವಿನ ಉಪ್ಪು ಅಲ್ಲೇ ಉಳಿಯಿತು.

75 ಮಿಲಿಮೀಟರ್ ಪಿವಿಸಿ ಪೈಪು, 60 ಸೆಂಟಿಮೀಟರ್ ಉದ್ದ. ಮೊದಲೇ ಉದ್ದಕ್ಕೆ ಎರಡು ಸೀಳು ಮಾಡಿ ಹೋಸ್ ಕ್ಲಿಪ್ ಹಾಕಿ ಬಿಗಿದರೆ ಆಮೇಲೆ ಬಿಡಿಸುವುದು ಸುಲಭ. ಒಳಗೆ ತೆಳು ಪ್ಲಾಸ್ಟಿಕ್ ಹಾಳೆ, ಕೆಳಗೆ ಮುಚ್ಚಳ. ಕೆಳಗಿನ 30 ಸೆಂಟಿಮೀಟರ್ ಉಪ್ಪಿನ ತುರಿ, ಮೇಲಿನ 30 ಸಪ್ಪೆ. ಹಿಡಿ ಹಿಡಿಯಾಗಿ ಹಾಕಿ ಮರದ ತುಂಡಿನಿಂದ ಒತ್ತುತ್ತಾ ಹೋಗಿ. ಪೈಪು ಫ್ರೀಜರಿನ ಒಳಗೇ ಇರಲಿ. ತುರಿ ಒದ್ದೆಯಾದರೆ ಮೇಲಿನ ನೀರು ಇಳಿದು ನಡುವಿನ ಗಡಿ ಕದಡಿಹೋಗುತ್ತದೆ, ಇಡೀ ಆಟ ಇರುವುದೇ ಆ ಗಡಿಯಲ್ಲಿ. ಬಣ್ಣ ಹಾಕಬೇಡಿ, ಹುಡುಗರು ಬಣ್ಣ ನೋಡಿಕೊಂಡು ಕೊಯ್ಯುತ್ತಾರೆ. ಇಂಥವು ಎರಡು ಪೈಪು ಬೇಕು. ಎರಡು ರಾತ್ರಿ ಬಿಟ್ಟರೆ ಕಣಗಳು ಒಂದಕ್ಕೊಂದು ಅಂಟುತ್ತವೆ. ಅವಸರ ಮಾಡಿದರೆ ಗರಗಸ ಇಟ್ಟ ಕೂಡಲೇ ಪುಡಿ. ಕರೆಂಟ್ ಹೋದರೆ ಫ್ರೀಜರಿನ ಬಾಗಿಲು ತೆಗೆಯದೆ ಮೇಲೆ ಎರಡು ಕಂಬಳಿ ಹೊದಿಸಿ.

ಹ್ಯಾಕ್ಸಾ ಬ್ಲೇಡನ್ನೂ ಫ್ರೀಜರಿನಲ್ಲೇ ಇಟ್ಟಿರಿ. ಪ್ರತಿ ಕೊಯ್ತದ ನಂತರ ಒರೆಸಿ. ಪ್ರತಿ ತುಂಡಿನ ಚೀಲದ ಮೇಲೆ ಬಾಣ ಹಾಕಿ 'ಮೇಲೆ' ಎಂದು ಬರೆಯಿರಿ. ನಿಜವಾದ ಕೋರುಗಳಿಗೂ ಬಾಣ ಹಾಕುತ್ತಾರೆ, ಏಕೆಂದರೆ ತುಂಡು ತಲೆಕೆಳಗಾದರೆ ಕಾಲವೂ ತಲೆಕೆಳಗು.

ಮೊದಲನೇ ತಂಡ ಮೇಲಿನ 5 ಸೆಂಟಿಮೀಟರ್ ಬಿಟ್ಟು 10 ಸೆಂಟಿಮೀಟರಿನ ತುಂಡು ಮಾಡಲಿ. ಎರಡನೇ ತಂಡ 2 ಸೆಂಟಿಮೀಟರಿನದು. ಆಟಕ್ಕೆ 1 ಸೆಂಟಿಮೀಟರ್ ಅಂದರೆ 10 ವರ್ಷ ಎಂದಿಟ್ಟುಕೊಳ್ಳಿ. ಚೀಲದಲ್ಲೇ ಕರಗಿಸಿ, ಕೋಣೆಯ ಬಿಸಿಗೆ ಬಂದ ಮೇಲೆ ಟಿಡಿಎಸ್ ಮೀಟರ್ ಅದ್ದಿ. ಸಪ್ಪೆಯದು 30, ಉಪ್ಪಿನದು 330 ಇರಲಿ. ಮೊದಲನೇ ತಂಡಕ್ಕೆ 25ರಿಂದ 35ರವರೆಗಿನ ತುಂಡು ಗಡಿಯ ಎರಡೂ ಕಡೆ ಚಾಚಿರುತ್ತದೆ, ಅಲ್ಲಿ 180ರ ಆಸುಪಾಸು ಬರುತ್ತದೆ. ಚುಕ್ಕಿ ಜೋಡಿಸಿದರೆ 20ರಿಂದ 40 ಸೆಂಟಿಮೀಟರಿನವರೆಗೆ ಇಳಿಜಾರು. ಬದಲಾವಣೆಗೆ 200 ವರ್ಷ ಹಿಡಿಯಿತು ಎಂದು ಬರೆಯುತ್ತಾರೆ. ಎರಡನೇ ತಂಡ 20 ವರ್ಷ ಎನ್ನುತ್ತದೆ. ಎರಡೂ ತಂಡ ನೋಡಿದ್ದು ಒಂದೇ ಗಡಿ, ಅದೂ ಕ್ಷಣದಲ್ಲಿ ಬದಲಾದದ್ದು. ಈ ಜಗಳ ಸ್ವಲ್ಪ ಹೊತ್ತು ನಡೆಯಲಿ, ಬಿಡಿಸಲು ಹೋಗಬೇಡಿ.

ಆಮೇಲೆ ನಿಜವಾದ ಕೋರ್ ತೆರೆಯಿರಿ. ಕೊನೆಯ ಹಿಮಯುಗದ ಯಂಗರ್ ಡ್ರಯಾಸ್ ಎಂಬ ತಣ್ಣನೆಯ ಅವಧಿ ಮುಗಿದು ನಾವಿರುವ ಬೆಚ್ಚನೆಯ ಯುಗ, ಹೋಲೊಸೀನ್, ಶುರುವಾದ ಜಾಗವನ್ನು ಗ್ರೀನ್‌ಲ್ಯಾಂಡಿನ ಎನ್‌ಗ್ರಿಪ್ ಕೋರಿನಲ್ಲೇ ಗುರುತಿಸಿದ್ದಾರೆ: ಆಳ 1492.45 ಮೀಟರ್, ವಯಸ್ಸು 11,700 ವರ್ಷ, ಪದರ ಎಣಿಕೆಯ ತಪ್ಪು ಹೆಚ್ಚೆಂದರೆ 99 ವರ್ಷ. ಆಗ ಗ್ರೀನ್‌ಲ್ಯಾಂಡಿನಲ್ಲಿ ಕೆಲವೇ ದಶಕಗಳಲ್ಲಿ ಸುಮಾರು 10 ಡಿಗ್ರಿ ಏರಿತು. 2008ರಲ್ಲಿ ಇದೇ ಕೋರನ್ನು ವರ್ಷವರ್ಷದ ಮಟ್ಟಕ್ಕೆ ಕೊಯ್ದು ನೋಡಿದಾಗ, ಹಿಮಕ್ಕೆ ತೇವ ಒದಗಿಸುತ್ತಿದ್ದ ಮೂಲವೇ 1ರಿಂದ 3 ವರ್ಷದಲ್ಲಿ ಬದಲಾಗಿತ್ತು ಎಂದು ಕಂಡಿತು. ಆದರೆ ವಿದ್ಯಾರ್ಥಿಗಳು ಹೆಚ್ಚಾಗಿ ಇಳಿಸಿಕೊಳ್ಳುವ ಎನ್‌ಗ್ರಿಪ್ ಆಮ್ಲಜನಕ ಐಸೊಟೋಪ್ (ಅಂದಿನ ಬಿಸಿ-ತಂಪಿನ ಸುಳಿವು ಕೊಡುವ ಅಳತೆ) ಫೈಲು 20 ವರ್ಷದ ಸರಾಸರಿಯದು. ಅದನ್ನು ಮುಂದಿಟ್ಟುಕೊಂಡು 'ಐದು ವರ್ಷದಲ್ಲಿ ಬದಲಾಯಿತು' ಎಂದರೆ ಮೊದಲನೇ ತಂಡ ಎರಡನೆಯವರ ಉತ್ತರ ನಕಲು ಮಾಡಿದ ಹಾಗೆ.

ನಮ್ಮ ಕಡೆಯ ದಾಖಲೆಯೂ ಇದೆ. ನೀಲಗಿರಿಯ ಜೌಗಿನ ಪೀಟ್ (ಅರೆಕೊಳೆತ ಗಿಡಗಳು ಸೇರಿ ಆದ) ಮಣ್ಣಿನ ಇಂಗಾಲದ ಐಸೊಟೋಪಿನಿಂದ ಕಾಡು, ಹುಲ್ಲುಗಾವಲು, ಮಳೆ ಇವುಗಳ ಏರಿಳಿತವನ್ನು ಓದಿದ ಅಧ್ಯಯನ 1993ರಲ್ಲಿ ಬಂತು. ಪೀಟ್ ಬೆಳೆಯುವುದು ನಿಧಾನ. ಅಲ್ಲಿ ದಶಕದ ಜಿಗಿತ ಹುಡುಕಬಾರದು.

ಕೋರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯ ವಿಷಯಕ್ಕೆ ಬಂದರೆ ಗಡಿಯಾರ ಎರಡಾಗುತ್ತದೆ. ಮೇಲಿನ 60ರಿಂದ 100 ಮೀಟರ್ ಹಿಮ ಇನ್ನೂ ಸಡಿಲ, ಗಾಳಿ ಆಡುತ್ತಿರುತ್ತದೆ. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.83 ಗ್ರಾಂ ತಲುಪಿದ ಮೇಲೆ ಗುಳ್ಳೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಗುಳ್ಳೆಯ ಗಾಳಿ ಸುತ್ತಲಿನ ಐಸ್‌ಗಿಂತ ಚಿಕ್ಕ ವಯಸ್ಸಿನದು: ಗ್ರೀನ್‌ಲ್ಯಾಂಡಿನಲ್ಲಿ ನೂರಾರು ವರ್ಷ, ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಸಾವಿರಾರು. ನಿಮ್ಮ ಪೈಪಿನಲ್ಲೂ ಸಾಂದ್ರತೆ ಅಳೆಯಬಹುದು. ಒಳ ವ್ಯಾಸ 70 ಮಿಲಿಮೀಟರ್ ಇದ್ದರೆ 10 ಸೆಂಟಿಮೀಟರಿನ ತುಂಡು ಸುಮಾರು 385 ಘನ ಸೆಂಟಿಮೀಟರ್. ತಕ್ಕಡಿಯಲ್ಲಿ 210 ಗ್ರಾಂ ಬಂದರೆ 0.55. ಇನ್ನೂ ಗಾಳಿ ಆಡುವ ಹಿಮವೇ.

ಇದರಿಂದ ರುಚಿ ಹತ್ತಿದವರಿಗೆ ದೊಡ್ಡ ಸಭೆಗಳಿವೆ. ಪ್ರಾಚೀನ ಹವಾಮಾನ ಸಂಶೋಧಕರ ಅಂತರರಾಷ್ಟ್ರೀಯ ಜಾಲವಾದ ಪೇಜಸ್ ಸಂಸ್ಥೆಯ ಮುಕ್ತ ವಿಜ್ಞಾನ ಸಭೆ, ಅದರ ಜೊತೆಗೇ ಯುವ ವಿಜ್ಞಾನಿಗಳ ಸಭೆ 2013ರ ಫೆಬ್ರವರಿಯಲ್ಲಿ ಗೋವಾದಲ್ಲೇ ನಡೆದಿದ್ದವು. ಐಸ್ ಕೋರಿನವರ ಸ್ವಂತ ಸಭೆ ಇಪಿಕ್ಸ್ ಎಂಬ ಅಂತರರಾಷ್ಟ್ರೀಯ ಐಸ್ ಕೋರ್ ಒಕ್ಕೂಟದ್ದು: 2012ರಲ್ಲಿ ಫ್ರಾನ್ಸಿನ ಜಿಯಾನ್, 2016ರಲ್ಲಿ ಹೋಬಾರ್ಟ್, 2022ರಲ್ಲಿ ಸ್ವಿಟ್ಜರ್‌ಲೆಂಡಿನ ಕ್ರಾನ್ಸ್-ಮೊಂಟಾನಾ. ಇಟಲಿಯ ಉರ್ಬಿನೊದಲ್ಲಿ ಪ್ರಾಚೀನ ಹವಾಮಾನದ ಬೇಸಿಗೆ ಶಾಲೆ ಇದೆ. ಗೋವಾದ ಧ್ರುವ ಸಂಶೋಧನಾ ಕೇಂದ್ರದಲ್ಲಿ ಐಸ್ ಕೋರ್ ಪ್ರಯೋಗಾಲಯವೇ ಇದೆ, ಹಾಸನದಿಂದ ನೋಡಿದರೆ ಅದೇ ಹತ್ತಿರ. ಅರ್ಜಿಗೆ ಹಾಕುವ ಸಾರಾಂಶದಲ್ಲಿ ಮಾದರಿಯ ಅಂತರ ಎಷ್ಟು ವರ್ಷ ಎಂದು ಎರಡನೇ ಸಾಲಿನೊಳಗೆ ಬರೆಯಿರಿ.

ಇನ್ನೊಂದು ಎಡವಟ್ಟು ಪೋಸ್ಟರುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಗ್ರೀನ್‌ಲ್ಯಾಂಡಿನವರು ವರ್ಷ ಎಣಿಸುವುದು 2000ನೇ ಇಸವಿಯಿಂದ ಹಿಂದಕ್ಕೆ. ರೇಡಿಯೊಕಾರ್ಬನ್ (ಇಂಗಾಲದಿಂದ ವಯಸ್ಸು ಅಳೆಯುವ ವಿಧಾನ) ಲೆಕ್ಕ 1950ರಿಂದ, ಗುಹೆಯ ಕಲ್ಲುಪದರಗಳ ದಾಖಲೆಯೂ ಹೆಚ್ಚಾಗಿ ಹಾಗೆಯೇ. ಎನ್‌ಗ್ರಿಪ್‌ನ 11,700 ಅಲ್ಲಿ 11,650 ಆಗುತ್ತದೆ. ಎನ್‌ಗ್ರಿಪ್ ಗ್ರಾಫನ್ನು ಮೇಘಾಲಯದ ಮಾವ್‌ಮ್ಲು ಗುಹೆಯ ಗ್ರಾಫಿನ ಮೇಲೆ ಹಾಗೇ ಇಟ್ಟು, ಮುಂಗಾರು 50 ವರ್ಷ ತಡವಾಗಿ ಎಚ್ಚೆತ್ತಿತು ಎಂದು ಬರೆಯುವ ಮೊದಲು ಎರಡೂ ಫೈಲುಗಳ ತಲೆಬರಹ ಓದಿ, 50 ಕಳೆದಿದ್ದೀರಾ ನೋಡಿಕೊಳ್ಳಿ.