ಅಕ್ಕನಿಗೇನು ಬೇಕು?

ನಿನ್ನೆ ಊಟದ ಹೊತ್ತಲ್ಲಿ ಅಮ್ಮ ಸುಮ್ನೆ ನಿಟ್ಟುಸಿರು ಬಿಟ್ಟರು. ಅಕ್ಕ ಎಂಜಲು ಕೈಯಲ್ಲೇ ತಟ್ಟೆ ಬಿಟ್ಟು ಎದ್ದಳು.

ಒಂಬತ್ತು ವರ್ಷಕ್ಕೇ ಅಪ್ಪನ ಸಾಲದ ಕತೆಯೆಲ್ಲ ಕೇಳಿಸಿಕೊಂಡವಳು ಅವಳು. ಬೆಳ್ಳುಳ್ಳಿ ಸುಲಿಯುತ್ತಾ ಅಮ್ಮ ಅಳುತ್ತಿದ್ದರು, ಇವಳು ಲಂಗದ ತುದಿಯಲ್ಲಿ ಅವರ ಕಣ್ಣೊರೆಸುತ್ತಿದ್ದಳು. 'ಎಷ್ಟು ಜಾಣೆ' ಅಂತ ನೆಂಟರೆಲ್ಲ ಹೊಗಳಿದರು. ಆ ಹೊಗಳಿಕೆಯೇ ಅವಳ ಬಾಲ್ಯ ತಿಂದುಹಾಕಿತು ಅನಿಸುತ್ತದೆ. ಮಗುವೇ ಹೆತ್ತವರಿಗೆ ತಾಯಾಗುವುದಕ್ಕೆ ಮನಶ್ಶಾಸ್ತ್ರದಲ್ಲಿ ಪೇರೆಂಟಿಫಿಕೇಶನ್ ಅಂತಾರೆ.

ಹೋದ ತಿಂಗಳು ಇಬ್ಬರೂ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ, ತಾಳ್ಮೆಯಿಂದ ಮಾತಾಡಿದರು. 'ನಿಮಗೇನು ಬೇಕು?' ಅಂತ ಕೇಳಿದಾಗ ಅಕ್ಕ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ 'ಗೊತ್ತಿಲ್ಲ' ಅಂದಳು. ನನಗೆ ಕರುಳು ಹಿಂಡಿದಂತಾಯಿತು.

ಇವತ್ತು ಕಾಫಿ ಕೊಟ್ಟು, 'ಕೂತ್ಕೊಳ್ಳೆ, ಅಮ್ಮನ್ನ ನಾನು ನೋಡ್ಕೋತೀನಿ' ಅಂದೆ. ಎರಡು ಸಲ ಏಳಲು ಹೋದಳು. ಮೂರನೇ ಸಲ ಕೂತೇ ಇದ್ದಳು.