ಕ್ಯಾಂಪರ್ ವ್ಯಾನಿಗೆ ಅಂಗಳದಲ್ಲಿ ಎಂಥಾ ನೆಲ?

ಕಾಫಿ ಕಣ ಹೇಗೂ ಖಾಲಿ ಇದೆ, ಮಳೆಗಾಲದಲ್ಲಿ ವ್ಯಾನನ್ನು ಅಲ್ಲೇ ನಿಲ್ಲಿಸಿದರಾಯಿತು ಎಂಬ ಯೋಚನೆ ಕೊಡಗಿನಲ್ಲಿ ಯಾರಿಗಾದರೂ ಮೊದಲು ಬರುತ್ತದೆ. ದಯವಿಟ್ಟು ಬೇಡ. ಕಣ ಹಾಕುವುದು ಕಾಫಿ ಹರವಲು. ಸಾಮಾನ್ಯವಾಗಿ ಎರಡು ಮೂರು ಇಂಚು ಕಾಂಕ್ರೀಟ್ ಇರುತ್ತದೆ, ಒಳಗೆ ಕಬ್ಬಿಣ ಇರುವುದಿಲ್ಲ. ಕಣದ ಅಂಚಿನಲ್ಲಿ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುತ್ತಾ ಹೋಗಿ. 'ಟಣ್' ಎಂದು ಗಟ್ಟಿಯಾಗಿ ಕೇಳಿದರೆ ಸರಿ. 'ಡಬ್' ಎಂದರೆ ಅಡಿಯ ಮಣ್ಣು ನೀರಿನ ಜೊತೆ ಹೋಗಿ ಟೊಳ್ಳಾಗಿದೆ ಎಂದರ್ಥ, ಅಲ್ಲಿ ಹಿಂದಿನ ಚಕ್ರ ಹತ್ತಿದರೆ ಕಣ ಒಡೆಯುತ್ತದೆ. ಡೀಸೆಲ್, ಆಯಿಲ್ ತೊಟ್ಟಿಕ್ಕಿದ ಜಾಗವನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ, ಕಾಫಿಯೋ ಪಕ್ಕದ ವಾಸನೆಯನ್ನೆಲ್ಲ ಹೀರುವ ಬೆಳೆ.

ಇನ್ನು ತೂಕ. ಟೆಂಪೊ ಟ್ರಾವೆಲರ್ ಗಾತ್ರದ ವಾಹನಕ್ಕೆ ಮಂಚ, ಅಡುಗೆ ಕಟ್ಟೆ, ಬ್ಯಾಟರಿ, ನೀರಿನ ಟ್ಯಾಂಕ್ ಎಲ್ಲ ಸೇರಿದರೆ 4 ಟನ್ ಆಸುಪಾಸು ಆಗುತ್ತದೆ. 100 ಲೀಟರ್ ನೀರು ಎಂದರೆ 100 ಕಿಲೋ. ಇಷ್ಟೂ ಭಾರ ನೆಲಕ್ಕೆ ಇಳಿಯುವುದು ಟೈರು ತಾಗುವ ಜಾಗದಲ್ಲಿ ಮಾತ್ರ, ಅದು ಟೈರೊಂದಕ್ಕೆ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಓಡುವ ವಾಹನದ ಭಾರ ಬಂದು ಹೋಗುತ್ತದೆ. ನಿಂತ ವ್ಯಾನ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ನಾಲ್ಕು ಜಾಗವನ್ನು ಒತ್ತುತ್ತಲೇ ಇರುತ್ತದೆ.

ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ. ಬೇಸಿಗೆಯಲ್ಲಿ ಪಿಕಾಸಿಗೂ ಬಗ್ಗದ ನಮ್ಮ ಕೆಂಪು ಮಣ್ಣು ಜುಲೈಯಲ್ಲಿ ಹಿಟ್ಟಿನಂತಾಗುತ್ತದೆ. ಹಾಗಾಗಿ ಮೇಲೆ ಏನು ಹಾಸಬೇಕು ಎನ್ನುವುದಕ್ಕಿಂತ ಅಡಿಗೆ ನೀರು ಹೋಗದಂತೆ, ಹೋದದ್ದು ನಿಲ್ಲದಂತೆ ಮಾಡುವುದೇ ಮುಖ್ಯ ಕೆಲಸ. ಮಳೆ ಕಡಿಮೆ ಬೀಳುವ ಕುಶಾಲನಗರದ ಕಡೆಯವರಿಗೆ ಈ ಕಷ್ಟ ಇಷ್ಟಿಲ್ಲ.

ಜಾಗ ಆರಿಸುವಾಗ ಬರೆಯನ್ನು, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆಯನ್ನು, ನೋಡಿ. ಬರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಬಿಟ್ಟು ವ್ಯಾನ್ ನಿಲ್ಲಬೇಕು. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರೆ ಕಡಿದ ಮಣ್ಣನ್ನೇ ತಗ್ಗಿಗೆ ತುಂಬಿ ಅಂಗಳ ಮಾಡಿದ್ದರೆ, ಹಿಂದಿನ ಚಕ್ರಗಳು ಕಡಿದ ಗಟ್ಟಿ ನೆಲದ ಮೇಲೆ ಬರುವಂತೆ ನಿಲ್ಲಿಸಿ. ತುಂಬಿದ ಮಣ್ಣು ಒಂದೆರಡು ಮಳೆಗಾಲವಾದರೂ ಕುಸಿಯುತ್ತಲೇ ಇರುತ್ತದೆ. ಸಿಲ್ವರ್ ಓಕ್ ಮರದಡಿಯ ಜಾಗವೂ ಬೇಡ, ಜುಲೈ ಗಾಳಿಗೆ ಕೊಂಬೆ ಬೀಳುತ್ತದೆ.

ನನ್ನ ಆಯ್ಕೆ ಚಕ್ರ ಓಡುವ ಜಾಗಕ್ಕೆ ಎರಡು ಕಾಂಕ್ರೀಟ್ ಪಟ್ಟಿ, ಉಳಿದದ್ದಕ್ಕೆ ಜಲ್ಲಿ. ತೋಟದ ಏರು ರಸ್ತೆಗಳಲ್ಲಿ ಹಾಕುವುದೂ ಇದನ್ನೇ. 28 ಅಡಿ ಉದ್ದ, 12 ಅಡಿ ಅಗಲದ ಜಾಗದ ಲೆಕ್ಕ ಹೇಳುತ್ತೇನೆ. ಮೇಲ್ಮಣ್ಣು ಪೂರ್ತಿ ತೆಗೆದು 10 ಇಂಚು ಇಳಿಸಿ. ಮನೆಯಿಂದ ಆಚೆಗೆ, 12 ಅಡಿಗೆ 2 ಇಂಚಿನಂತೆ ವಾಟ (ಇಳಿಜಾರು) ಕೊಡಿ. ತಳಕ್ಕೆ ನೇಯದ ಜಿಯೊಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ) ಬಟ್ಟೆ ಹಾಸಿ, ಜೋಡಿಸುವಲ್ಲಿ ಅಂಚುಗಳು ಒಂದರ ಮೇಲೊಂದು ಒಂದಡಿ ಬರಲಿ. ಈ ಬಟ್ಟೆ ತಪ್ಪಿಸಿದರೆ ಎಷ್ಟು ಲೋಡ್ ಜಲ್ಲಿ ಸುರಿದರೂ ಮಣ್ಣು ನುಂಗುತ್ತದೆ, ಕೆಸರು ಮೇಲೆ ಬರುತ್ತದೆ. ಅದರ ಮೇಲೆ 40 ಎಂಎಂ ಜಲ್ಲಿ ಮತ್ತು ಕ್ರಷರ್ ಪುಡಿ ಬೆರೆಸಿ 5 ಇಂಚು, ಎರಡು ಸಲ ಹಾಕಿ ಎರಡು ಸಲವೂ ರೋಲರ್ ಓಡಿಸಿ. ಕುಟ್ಟಿದಾಗ ತಗ್ಗುವುದಕ್ಕೆ ಕಾಲು ಭಾಗ ಹೆಚ್ಚು ತರಿಸಬೇಕು. ಹೊಳೆಯ ಉರುಟು ಕಲ್ಲು ಬೇಡ, ಅದು ಒಂದಕ್ಕೊಂದು ಕಚ್ಚುವುದಿಲ್ಲ.

ಪಟ್ಟಿ ತಲಾ 3 ಅಡಿ ಅಗಲ, 5 ಇಂಚು ದಪ್ಪ, ನಡುವೆ ಎರಡೂವರೆ ಅಡಿ. ನಿಮ್ಮ ವ್ಯಾನಿನ ಚಕ್ರಗಳ ಅಳತೆ ಹಿಡಿದು ಇದನ್ನು ಹೊಂದಿಸಿಕೊಳ್ಳಿ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು 20 ಎಂಎಂ ಜಲ್ಲಿಯ ಮಿಶ್ರಣಕ್ಕೆ ಎರಡೂ ಪಟ್ಟಿಗೆ ಸೇರಿ ಸುಮಾರು 16 ಮೂಟೆ ಸಿಮೆಂಟ್ ಬೇಕು. ಮೂಟೆಗೆ 30 ಲೀಟರಿಗಿಂತ ಹೆಚ್ಚು ನೀರು ಬೇಡ, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಸುರಿಯಲು ಸುಲಭ ಎಂದು ತೆಳ್ಳಗೆ ಕಲಸಿದ ಕಾಂಕ್ರೀಟಿನ ಮೇಲ್ಪದರ ಒಂದೇ ಮಳೆಗಾಲದಲ್ಲಿ ಪುಡಿಯೇಳುತ್ತದೆ. 8 ಎಂಎಂ ಕಬ್ಬಿಣ 8 ಇಂಚಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಟ್ಟಿ, ಅಡಿಗೆ ಕವರ್ ಬ್ಲಾಕ್ (ಕಬ್ಬಿಣ ಎತ್ತಿ ಹಿಡಿಯುವ ಕಾಂಕ್ರೀಟ್ ತುಂಡು) ಇಟ್ಟು ಮೇಲಿನಿಂದ 2 ಇಂಚು ಕೆಳಗೆ ಬರುವಂತೆ ಎತ್ತಿ. ಜಲ್ಲಿಯ ಮೇಲೆ ಹಾಗೇ ಬಿದ್ದಿರುವ ಕಬ್ಬಿಣದಿಂದ ಏನೂ ಪ್ರಯೋಜನವಿಲ್ಲ. ಪ್ರತಿ 9 ಅಡಿಗೆ ಒಂದೂಕಾಲು ಇಂಚು ಆಳದ ಅಡ್ಡಗೀರು ಕೊಯ್ಯಿಸಿದರೆ ಬಿರುಕು ಅಲ್ಲೇ ಬರುತ್ತದೆ, ಕಂಡಕಂಡಲ್ಲಿ ಬರುವುದಿಲ್ಲ. ಮೇಲ್ಮೈಗೆ ಕಡ್ಡಿ ಪೊರಕೆಯಿಂದ ಅಡ್ಡ ಗೆರೆ ಎಳೆಸಿ. ನುಣ್ಣಗೆ ಕರಣೆ ಆಡಿಸಿದ ನೆಲ ಪಾಚಿ ಕಟ್ಟಿದರೆ ಜಾರುಬಂಡೆಯೇ. ಈಗ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ಗೋಣಿಚೀಲ ಹೊದಿಸಿ ನೀರುಣಿಸಬೇಕು, ವ್ಯಾನ್ ಹತ್ತಿಸಲು 28 ದಿನ ಕಾಯಬೇಕು. ಕಾಂಕ್ರೀಟ್ ಸುರಿಯುವ ಮೊದಲೇ ಕರೆಂಟಿಗೊಂದು, ನೀರಿಗೊಂದು ಪೈಪ್ ಅಡಿಯಲ್ಲಿ ಹಾಯಿಸಿಡಿ.

ಪೂರ್ತಿ ಜಾಗಕ್ಕೆ ಕಾಂಕ್ರೀಟ್ ಹಾಕಿದರೆ ಸಿಮೆಂಟ್ 32 ಮೂಟೆ ಆಗುತ್ತದೆ, ಬಿದ್ದ ಮಳೆಯೆಲ್ಲ ಒಂದೇ ಕಡೆ ನುಗ್ಗುತ್ತದೆ. ಅದನ್ನು ಸಾಗಿಸುವ ಚರಂಡಿ ಇದ್ದರೆ ಮಾತ್ರ ಹಾಕಿ, ತಗ್ಗಿನ ಬರೆಯ ನೆತ್ತಿಗೆ ಬಿಡಬೇಡಿ.

ಇಂಟರ್‌ಲಾಕ್ (ಒಂದಕ್ಕೊಂದು ಕಚ್ಚುವ ಸಿಮೆಂಟ್ ಇಟ್ಟಿಗೆ) ಹಾಕುವುದಾದರೆ 80 ಎಂಎಂ ದಪ್ಪದ್ದು. ಅಂಗಡಿಯಲ್ಲಿ ಮೊದಲು ತೋರಿಸುವ 60 ಎಂಎಂ ಕಾರಿಗೆ ಸಾಕು, ಇದಕ್ಕೆ ಸಾಲದು. ಸುತ್ತ ಕಾಂಕ್ರೀಟ್ ಅಂಚು ಕಟ್ಟದಿದ್ದರೆ ಕೆಳಬದಿಯಿಂದ ಮರಳು ಸೋರಿ, ಚಕ್ರದ ಗುರುತಿನಲ್ಲೇ ಇಟ್ಟಿಗೆ ತಗ್ಗುತ್ತದೆ. ಡಾಂಬರು ಬೇಡ, ಡೀಸೆಲ್ ಬಿದ್ದರೆ ಮೆತ್ತಗಾಗುತ್ತದೆ. ಬರೀ ಹುಲ್ಲಿನ ಮೇಲಂತೂ ನಿಲ್ಲಿಸಲೇಬಾರದು. ಚಾಸಿಗೆ ಅಡಿಯಿಂದ ತೇವ ಏರಿ ತುಕ್ಕು ಹಿಡಿಯುತ್ತದೆ, ಬಾಗಿಲು ತೆರೆದರೆ ಜಿಗಣೆ.

ಕೆಲಸ ಡಿಸೆಂಬರ್, ಜನವರಿಯಲ್ಲಿ ಮುಗಿದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯಲ್ಲೇ ಪರೀಕ್ಷೆ ಆಗುತ್ತದೆ. ಮಳೆ ನಿಂತು ಅರ್ಧ ಗಂಟೆಗೆ ಹೋಗಿ ನೋಡಿ, ನೀರು ನಿಂತಲ್ಲಿ ಒಂದು ಗೂಟ ಹೊಡೆದಿಡಿ, ಜೂನ್‌ಗೆ ಮೊದಲು ಅಲ್ಲಿ ಜಲ್ಲಿ ಸೇರಿಸಿ. ಜಾಕ್ ಇಡುವಲ್ಲಿ ಒಂದಡಿ ಚೌಕದ, 2 ಇಂಚು ದಪ್ಪದ ಗಟ್ಟಿ ಮರದ ಹಲಗೆ ಇರಲಿ. ಮಳೆಗಾಲಕ್ಕೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ತೇವಕ್ಕೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಡಿ.